ಅಧ್ಯಾಪಕರ ಕಾಲವಿನಿಯೋಗ

ವಿದ್ಯಾಸಂಸ್ಥೆಯೊಂದರ ಸಂಪತ್ತನ್ನು ಎಣಿಸುವಾಗ ನಾವು ಸಾಮಾನ್ಯವಾಗಿ ಕಟ್ಟಡ, ಗ್ರಂಥಭಂಡಾರ, ಪ್ರಯೋಗಶಾಲೆ, ಆಟದ ಬಯಲು ಇವುಗಳನ್ನೇ ಮೊದಲು ನೆನೆಯುತ್ತೇವೆ. ಇವೆಲ್ಲ ಬೇಕಾದವೇ. ಇವುಗಳಲ್ಲಿ ಯಾವುದಕ್ಕೆ ಕೊರತೆಯಾದರೂ ಉದಾರಿಗಳಾದ ದಾನಿಗಳು ತುಂಬಿಕೊಡಬಲ್ಲರು. ಆದರೆ ಒಮ್ಮೆ ವ್ಯಯವಾದರೆ ಯಾರೂ ಮರಳಿ ತುಂಬಿಕೊಡಲಾಗದ ಸಂಪತ್ತು ಅಧ್ಯಾಪಕರ ವೇಳೆ. ಅದರ ಸದ್ವಿನಿಯೋಗವನ್ನು ಕುರಿತು, ಅಧ್ಯಾಪಕ ಬಂಧುಗಳ ನಿತ್ಯಾನುಭವಕ್ಕೆ ಹತ್ತಿರವಾದ ಕೆಲವು ವಿಚಾರಗಳನ್ನು ಇಲ್ಲಿ ನಿವೇದಿಸಲಾಗಿದೆ.

ಅಧ್ಯಾಪಕರ ಕೆಲಸದಲ್ಲಿ ಎರಡು ಭಾಗಗಳಿವೆ. ಒಂದು ಗಂಟೆಗೆ ಕಟ್ಟುಬಿದ್ದದ್ದು. ಮತ್ತೊಂದು ಗಂಟೆಯ ಹೊರಗಿನದು. ತರಗತಿಯ ಬೋಧನೆ ಮೊದಲನೆಯದು. ಪಾಠದ ಸಿದ್ಧತೆ, ಬರಹ ತಿದ್ದುವುದು, ಪ್ರಶ್ನೆಪತ್ರಿಕೆ, ಅಂಕಪಟ್ಟಿ, ದಾಖಲೆಗಳು, ಪಾಲಕರ ಭೇಟಿ, ಉತ್ಸವಗಳ ಏರ್ಪಾಡು ಇವೆಲ್ಲ ಎರಡನೆಯದು. ಈ ಎರಡನೆಯ ಭಾಗಕ್ಕೆ ಮೇರೆ ಎಂಬುದಿಲ್ಲ. ವೇಳೆ ಸಾಲದೆ ಬಂದಾಗ ಏನಾದರೊಂದನ್ನು ಬಿಡಲೇಬೇಕಾಗುತ್ತದೆ. ದಾಖಲೆಯನ್ನು ಬಿಡುವಂತಿಲ್ಲ, ಅಧಿಕಾರಿಗಳು ಕೇಳುತ್ತಾರೆ. ಪಠ್ಯಭಾಗವನ್ನು ಬಿಡುವಂತಿಲ್ಲ, ಪರೀಕ್ಷೆ ಕೇಳುತ್ತದೆ. ಆಗ ಬಿಟ್ಟುಹೋಗುವುದು ಯಾರೂ ಕೇಳದಿರುವ ಎರಡು ಸಂಗತಿಗಳು: ನಾಳಿನ ಪಾಠದ ಸಿದ್ಧತೆ, ಮತ್ತು ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುವ ನಿಧಾನ ಕಲಿಕೆಯ ಮಗು. ಆದುದರಿಂದ ಕಾಲವಿನಿಯೋಗದ ಪ್ರಶ್ನೆಯನ್ನು ಕೇವಲ ಅಧ್ಯಾಪಕರ ಅನುಕೂಲದ ಪ್ರಶ್ನೆಯೆಂದು ಭಾವಿಸಲಾಗದು.

ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಜಾನ್ ಕ್ಯಾರಲ್ ೧೯೬೩ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ ಕಲಿಕೆಯನ್ನು ಕಾಲದ ಭಾಷೆಯಲ್ಲಿಯೇ ವಿವರಿಸಿದರು. ಒಂದು ವಿಷಯವನ್ನು ಕಲಿಯಲು ಮಗುವಿಗೆ ಎಷ್ಟು ವೇಳೆ ಬೇಕು, ಅದು ವಾಸ್ತವವಾಗಿ ಎಷ್ಟು ವೇಳೆಯನ್ನು ಅದರಲ್ಲಿ ತೊಡಗಿಸಿತು ಎಂಬ ಎರಡರ ಪ್ರಮಾಣವೇ ಕಲಿಕೆಯ ಮಟ್ಟವನ್ನು ನಿರ್ಧರಿಸುತ್ತದೆ ಎಂಬುದು ಅವರ ಮತ. ‘ದಡ್ಡ’ನೆಂದು ನಾವು ಕರೆದುಬಿಡುವ ಹುಡುಗನಿಗೆ ಅನೇಕ ವೇಳೆ ಬೇಕಾಗಿರುವುದು ಇನ್ನಷ್ಟು ವೇಳೆ ಮಾತ್ರ.

ನಮ್ಮ ದೇಶದ ಕಾನೂನು ಸಹ ಈ ಬಗೆಗೆ ಒಂದು ಅಳತೆಯನ್ನು ಹಾಕಿಕೊಟ್ಟಿದೆ. ೨೦೦೯ರ ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ೨೦೦ ಕೆಲಸದ ದಿನಗಳು, ೮೦೦ ಬೋಧನಾ ಗಂಟೆಗಳು; ಆರರಿಂದ ಎಂಟನೆಯ ತರಗತಿಯವರೆಗೆ ೨೨೦ ದಿನಗಳು, ೧,೦೦೦ ಗಂಟೆಗಳು ಇರತಕ್ಕದ್ದು. ಅಧ್ಯಾಪಕರಿಗೆ ವಾರಕ್ಕೆ ಕನಿಷ್ಠ ೪೫ ಗಂಟೆಗಳ ಕೆಲಸವನ್ನು ವಿಧಿಸಲಾಗಿದೆ. ಈ ೪೫ ಗಂಟೆಗಳಲ್ಲಿ ಸಿದ್ಧತೆಯ ವೇಳೆಯೂ ಸೇರಿದೆ ಎಂಬುದನ್ನು ಗಮನಿಸಬೇಕು. ಎಂದರೆ ಪಾಠದ ಸಿದ್ಧತೆಯನ್ನು ಕಾನೂನು ಅಧ್ಯಾಪಕರ ಕರ್ತವ್ಯದ ಅಂಗವೆಂದೇ ಪರಿಗಣಿಸಿದೆ.

ವರ್ಷದ ಲೆಕ್ಕ

ಕಾಲದ ಲೆಕ್ಕವನ್ನು ದಿನದಿಂದಲ್ಲ, ವರ್ಷದಿಂದ ಆರಂಭಿಸುವುದು ಲೇಸು. ಜೂನ್ ತಿಂಗಳಲ್ಲಿ ವಾರ್ಷಿಕ ಪಾಠಹಂಚಿಕೆಯನ್ನು ಬರೆಯುವಾಗ ಪಠ್ಯಪುಸ್ತಕದ ಪಾಠಗಳನ್ನು ತಿಂಗಳುಗಳಿಗೆ ಸಮನಾಗಿ ಹಂಚಿಬಿಡುವುದು ವಾಡಿಕೆ. ಆದರೆ ತಿಂಗಳುಗಳು ಸಮನಾಗಿರುವುದಿಲ್ಲ. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು, ದಸರಾ ರಜೆ, ರಾಷ್ಟ್ರೀಯ ಹಬ್ಬಗಳ ಸಿದ್ಧತೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಶೈಕ್ಷಣಿಕ ಪ್ರವಾಸ, ವಾರ್ಷಿಕ ಸ್ನೇಹ ಸಮ್ಮೇಳನ ಇವುಗಳನ್ನು ಮೊದಲೇ ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಂಡು, ಉಳಿದ ಅವಧಿಗಳನ್ನು ಒಂದೊಂದಾಗಿ ಎಣಿಸಬೇಕು. ಹಾಗೆ ಎಣಿಸಿದಾಗ ಬರುವ ಸಂಖ್ಯೆ ನಾವು ಊಹಿಸಿದ್ದಕ್ಕಿಂತ ಕಡಿಮೆಯಾಗಿಯೇ ಇರುತ್ತದೆ. ಆ ಸಂಖ್ಯೆಯಲ್ಲಿಯೂ ಹತ್ತರಲ್ಲೊಂದು ಭಾಗವನ್ನು ಪುನರಾವರ್ತನೆಗೂ ಹಿಂದುಳಿದವರ ಸಹಾಯಕ್ಕೂ ಆರಂಭದಲ್ಲಿಯೇ ತೆಗೆದಿಡತಕ್ಕದ್ದು. ಕೊನೆಗೆ ಉಳಿದರೆ ಕೊಡೋಣವೆಂದರೆ ಅದು ಎಂದಿಗೂ ಉಳಿಯದು.

ಕಠಿಣವಾದ ಘಟಕಗಳನ್ನು ಸಮ್ಮೇಳನ, ಕ್ರೀಡಾಕೂಟಗಳ ಗದ್ದಲದ ವಾರಗಳಿಗೆ ತಳ್ಳದಿರುವುದು ಇನ್ನೊಂದು ಎಚ್ಚರಿಕೆ. ತಾಲೀಮಿಗೆಂದು ಅರ್ಧ ತರಗತಿ ಹೊರಗೆ ಹೋಗಿರುವಾಗ ಹೊಸ ಪ್ರಮೇಯವನ್ನು ಕಲಿಸಿದರೆ, ಅದನ್ನು ಮತ್ತೊಮ್ಮೆ ಕಲಿಸಬೇಕಾಗುತ್ತದೆ. ಅಂತಹ ವಾರಗಳಿಗೆ ಅಭ್ಯಾಸದ ಲೆಕ್ಕಗಳು, ಪದ್ಯದ ಕಂಠಪಾಠ, ಭೂಪಟದ ಕೆಲಸ ಮುಂತಾದವು ಒಪ್ಪುತ್ತವೆ.

ತರಗತಿಯ ನಲವತ್ತು ನಿಮಿಷ

ನಲವತ್ತು ನಿಮಿಷದ ಅವಧಿಯಲ್ಲಿ ಮೊದಲ ಐದು ನಿಮಿಷ ಮಕ್ಕಳನ್ನು ಕೂರಿಸುವುದರಲ್ಲಿ, ಸೀಮೆಸುಣ್ಣ ತರಿಸುವುದರಲ್ಲಿ, ‘ನಿನ್ನೆ ಎಲ್ಲಿಗೆ ನಿಂತಿತ್ತು?’ ಎಂದು ಕೇಳುವುದರಲ್ಲಿ ಕಳೆಯಿತೆಂದು ಭಾವಿಸೋಣ. ದಿನಕ್ಕೊಂದು ಅವಧಿಯಿರುವ ವಿಷಯದಲ್ಲಿ ೨೨೦ ದಿನಗಳಿಗೆ ಇದು ೧,೧೦೦ ನಿಮಿಷವಾಗುತ್ತದೆ. ಎಂದರೆ ಇಪ್ಪತ್ತೇಳಕ್ಕೂ ಮಿಕ್ಕಿದ ಅವಧಿಗಳು, ಒಂದು ತಿಂಗಳ ಪಾಠ! ಐದು ನಿಮಿಷ ಅಲ್ಪವೆಂದು ಕಾಣುವುದರಿಂದಲೇ ಈ ನಷ್ಟ ನಮ್ಮ ಗಮನಕ್ಕೆ ಬಾರದು.

ಇದಕ್ಕೆ ಪರಿಹಾರಗಳು ಸರಳವಾದವು. ಅಧ್ಯಾಪಕರು ಒಳಗೆ ಬಂದೊಡನೆ ಹಲಗೆಯ ಮೇಲೆ ದಿನಾಂಕ, ಪಾಠದ ಹೆಸರು, ಹಿಂದಿನ ಪಾಠವನ್ನು ಕುರಿತ ಒಂದು ಪ್ರಶ್ನೆ ಇಷ್ಟನ್ನು ಬರೆಯುವುದು. ಮಕ್ಕಳು ಮಾತಿಲ್ಲದೆ ಅದಕ್ಕೆ ಉತ್ತರ ಬರೆಯತೊಡಗುವುದು. ಅಷ್ಟರಲ್ಲಿ ಹಾಜರಿಯನ್ನು ಮುಗಿಸುವುದು. ಐವತ್ತು ಹೆಸರುಗಳನ್ನು ಕೂಗಿ ಉತ್ತರ ಪಡೆಯುವುದಕ್ಕೆ ಬದಲಾಗಿ, ಸ್ಥಳ ನಿಗದಿಯಾಗಿರುವ ತರಗತಿಯಲ್ಲಿ ಖಾಲಿ ಜಾಗಗಳನ್ನು ನೋಡಿ ಗೈರುಹಾಜರಾದವರನ್ನಷ್ಟೇ ಗುರುತಿಸಿದರೆ ಸಾಕು. ಪುಸ್ತಕ ಹಂಚುವುದು, ಹಲಗೆ ಒರೆಸುವುದು, ನಕಾಶೆ ತೂಗುಹಾಕುವುದು ಇವುಗಳನ್ನು ಸಾಲಿಗೊಬ್ಬರಂತೆ ಮಕ್ಕಳಿಗೆ ಸರದಿಯ ಮೇಲೆ ವಹಿಸಬಹುದು. ಇದರಿಂದ ಅವರಲ್ಲಿ ಜವಾಬ್ದಾರಿಯೂ ಬೆಳೆಯುತ್ತದೆ. ಮನೆಗೆಲಸವನ್ನು ಗಂಟೆ ಬಾರಿಸುವಾಗ ಕೂಗಿ ಹೇಳದೆ, ಹಲಗೆಯ ಒಂದು ಮೂಲೆಯಲ್ಲಿ ಮೊದಲೇ ಬರೆದಿಡುವುದು ಉತ್ತಮ. ಈ ಪದ್ಧತಿಗಳು ರೂಢಿಯಾಗುವವರೆಗೆ ಕೆಲವು ವಾರಗಳ ತಾಳ್ಮೆ ಬೇಕು. ಅನಂತರ ಅವು ವರ್ಷವಿಡೀ ತಾವಾಗಿಯೇ ನಡೆಯುತ್ತವೆ.

ಆದರೆ ತರಗತಿಯಲ್ಲಿ ಉಳಿಸಬಾರದ ವೇಳೆಯೂ ಒಂದಿದೆ. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿ ೧೯೭೦ರ ದಶಕದಲ್ಲಿ ಅನೇಕ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದರು. ಪ್ರಶ್ನೆ ಕೇಳಿದ ಮೇಲೆ ಅಧ್ಯಾಪಕರು ಉತ್ತರಕ್ಕಾಗಿ ಕಾಯುತ್ತಿದ್ದುದು ಸರಾಸರಿ ಒಂದೇ ಒಂದು ಸೆಕೆಂಡು ಎಂಬುದು ಅವರಿಗೆ ತಿಳಿದುಬಂದಿತು. ಅಷ್ಟರೊಳಗೆ ಉತ್ತರ ಬಾರದಿದ್ದರೆ ಪ್ರಶ್ನೆ ಇನ್ನೊಬ್ಬರಿಗೆ ಹೋಗುತ್ತಿತ್ತು, ಇಲ್ಲವೆ ಅಧ್ಯಾಪಕರೇ ಉತ್ತರ ಹೇಳಿಬಿಡುತ್ತಿದ್ದರು. ಈ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ದೀರ್ಘವಾದವು. ನಿಧಾನಿಗಳೆನಿಸಿದ ಮಕ್ಕಳೂ ಬಾಯಿಬಿಡತೊಡಗಿದರು. ಹಾಜರಿಯಲ್ಲಿ, ಹಂಚುವಿಕೆಯಲ್ಲಿ ನಿಮಿಷಗಳನ್ನು ಉಳಿಸುವುದು ಈ ಮೂರು ಸೆಕೆಂಡುಗಳನ್ನು ಧಾರಾಳವಾಗಿ ಕೊಡುವುದಕ್ಕಾಗಿಯೇ.

ಬರಹ ತಿದ್ದುವ ಭಾರ

ಪ್ರೌಢಶಾಲೆಯ ಅಧ್ಯಾಪಕರನ್ನು ಎಲ್ಲಕ್ಕಿಂತ ಹೆಚ್ಚು ಬಳಲಿಸುವುದು ಬರಹ ತಿದ್ದುವ ಕೆಲಸ. ಐವತ್ತು ಮಕ್ಕಳ ಐದು ವಿಭಾಗಗಳಿದ್ದರೆ ೨೫೦ ಪುಸ್ತಕಗಳು. ಒಂದಕ್ಕೆ ಎರಡೇ ನಿಮಿಷವೆಂದರೂ ಎಂಟು ಗಂಟೆ ಇಪ್ಪತ್ತು ನಿಮಿಷ. ಈ ಭಾರವನ್ನು ಭಾನುವಾರದ ಮೇಲೆ ಹೊರಿಸಿದರೆ ಭಾನುವಾರವೂ ಉಳಿಯದು, ತಿದ್ದುವಿಕೆಯೂ ಕೇವಲ ಕೆಂಪು ಗೀಟಾಗಿ ಪರಿಣಮಿಸುತ್ತದೆ. ಇಂಗ್ಲೆಂಡಿನಲ್ಲಿ ಅಧ್ಯಾಪಕರ ಕಾರ್ಯಭಾರವನ್ನು ಪರಿಶೀಲಿಸಲು ನೇಮಿಸಿದ ತಂಡವೊಂದು ೨೦೧೬ರ ವರದಿಯಲ್ಲಿ, ತಿದ್ದುವಿಕೆಯು ಅರ್ಥಪೂರ್ಣವೂ ನಿಭಾಯಿಸಲು ಸಾಧ್ಯವಾದುದೂ ಮಕ್ಕಳಿಗೆ ಉತ್ಸಾಹದಾಯಕವೂ ಆಗಿರಬೇಕೆಂದು ಹೇಳಿತು. ಪುಟಪುಟಕ್ಕೂ ಸಹಿ ಇರುವುದರಿಂದ ಮಗುವಿನ ಕಲಿಕೆ ಹೆಚ್ಚಿದಂತಾಗುವುದಿಲ್ಲ.

ಆಚರಣೆಗೆ ತರಬಹುದಾದ ಕೆಲವು ಕ್ರಮಗಳು ಹೀಗಿವೆ. ಎಲ್ಲ ವಿಭಾಗಗಳ ಪುಸ್ತಕಗಳನ್ನು ಒಂದೇ ದಿನ ತರಿಸದೆ, ದಿನಕ್ಕೊಂದು ವಿಭಾಗದಂತೆ ಗೊತ್ತುಪಡಿಸುವುದು. ಪ್ರತಿಯೊಂದು ಬರಹದಲ್ಲಿಯೂ ಎಲ್ಲ ದೋಷಗಳನ್ನೂ ಹುಡುಕದೆ, ಈ ವಾರ ವಿಭಕ್ತಿ ಪ್ರತ್ಯಯ, ಮುಂದಿನ ವಾರ ಲೇಖನ ಚಿಹ್ನೆ ಎಂದು ಒಂದನ್ನೇ ಲಕ್ಷ್ಯದಲ್ಲಿಟ್ಟುಕೊಳ್ಳುವುದು. ಮತ್ತೆ ಮತ್ತೆ ಬರುವ ತಪ್ಪುಗಳಿಗೆ ಒಂದಕ್ಷರದ ಸಂಕೇತಗಳನ್ನು ಮಾಡಿಕೊಂಡು, ಸರಿಯಾದ ರೂಪವನ್ನು ಮಗುವೇ ಬರೆಯುವಂತೆ ಮಾಡುವುದು. ಬಿಟ್ಟ ಸ್ಥಳ, ಹೊಂದಿಸಿ ಬರೆಯುವುದು ಮುಂತಾದ ಚಿಕ್ಕ ಪ್ರಶ್ನೆಗಳನ್ನು ಮಕ್ಕಳೇ ಪರಸ್ಪರ ಪುಸ್ತಕ ಬದಲಾಯಿಸಿಕೊಂಡು ತಿದ್ದುವುದು. ಇಪ್ಪತ್ತು ಪುಸ್ತಕಗಳಲ್ಲಿ ಕಂಡ ಒಂದೇ ತಪ್ಪನ್ನು ಇಪ್ಪತ್ತು ಬಾರಿ ಬರೆಯದೆ, ಮರುದಿನ ಹಲಗೆಯ ಮೇಲೆ ಒಮ್ಮೆ ವಿವರಿಸುವುದು. ಮಕ್ಕಳು ಅಭ್ಯಾಸ ಬರೆಯುತ್ತಿರುವಾಗ ಸಾಲುಗಳ ನಡುವೆ ನಡೆಯುತ್ತ ಹತ್ತು ಪುಸ್ತಕಗಳನ್ನು ಅಲ್ಲಿಯೇ ನೋಡುವುದು. ಈ ಕೊನೆಯ ಕ್ರಮ ಎಲ್ಲಕ್ಕಿಂತ ಫಲಕಾರಿ. ಏಕೆಂದರೆ ತಪ್ಪು ಆಗತಾನೆ ಹುಟ್ಟಿರುವಾಗಲೇ ತಿದ್ದಲ್ಪಡುತ್ತದೆ.

ಅಂಕಗಳನ್ನು ಕುರಿತೂ ಒಂದು ಮಾತು. ಇಸ್ರೇಲಿನ ಸಂಶೋಧಕಿ ರುತ್ ಬಟ್ಲರ್ ೧೯೮೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇವಲ ಸಲಹೆಯ ಮಾತುಗಳನ್ನು ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಅಂಕ ಮತ್ತು ಸಲಹೆ ಎರಡನ್ನೂ ಪಡೆದವರಲ್ಲಿ ಆ ಪ್ರಯೋಜನ ಕಾಣಲಿಲ್ಲ. ಅಂಕವನ್ನು ಕಂಡ ಮಗು ಸಲಹೆಯನ್ನು ಓದುವುದಿಲ್ಲವೆಂಬುದು ನಮ್ಮ ಅನುಭವಕ್ಕೂ ವಿರುದ್ಧವಾದುದಲ್ಲ. ದಿನನಿತ್ಯದ ಬರಹಕ್ಕೆ ಒಂದು ಸಾಲಿನ ಸಲಹೆ ಸಾಕು, ಅಂಕಗಳು ಪರೀಕ್ಷೆಗಿರಲಿ.

ಬಿಡುವಿನ ಅವಧಿ ಮತ್ತು ದಾಖಲೆಗಳು

ಬಿಡುವಿನ ಅವಧಿಯು ನಿಜವಾಗಿ ಬಿಡುವಿನದಲ್ಲ; ಅದು ಸಿದ್ಧತೆಯ ಅವಧಿ. ‘ಈಗ ಏನು ಮಾಡಲಿ?’ ಎಂದು ಯೋಚಿಸತೊಡಗುವಷ್ಟರಲ್ಲಿ ಅದರ ಅರ್ಧಭಾಗ ಕಳೆದಿರುತ್ತದೆ. ಬೆಳಿಗ್ಗೆ ಪ್ರಾರ್ಥನೆಗೆ ಮುನ್ನವೇ ದಿನಚರಿಯಲ್ಲಿ ಆ ದಿನದ ಮೂರು ಕೆಲಸಗಳನ್ನು ಬರೆದು, ಯಾವುದು ಯಾವ ಅವಧಿಗೆಂದು ಗೊತ್ತುಮಾಡಿಕೊಂಡರೆ ಈ ನಷ್ಟ ತಪ್ಪುತ್ತದೆ. ಇರುವ ವೇಳೆಯನ್ನೆಲ್ಲ ತುಂಬುವಂತೆ ಕೆಲಸವು ಹಿಗ್ಗುತ್ತದೆಂದು ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ನರು ೧೯೫೫ರಲ್ಲಿ ವಿನೋದವಾಗಿ ಬರೆದುದು ಪ್ರಸಿದ್ಧವಾಗಿದೆ. ಅಂಕಪಟ್ಟಿಗೆ ಒಂದು ಸಂಜೆಯನ್ನೆಲ್ಲ ಕೊಟ್ಟರೆ ಸಂಜೆಯೆಲ್ಲ ಹಿಡಿಯುತ್ತದೆ; ಒಂದು ಅವಧಿಯನ್ನು ಕೊಟ್ಟರೆ ಬಹುಮಟ್ಟಿಗೆ ಅದರಲ್ಲಿಯೇ ಮುಗಿಯುತ್ತದೆ.

ಪಾಠ ಟಿಪ್ಪಣಿಯನ್ನು ವರ್ಷವರ್ಷವೂ ಹೊಸದಾಗಿ ನಕಲು ಮಾಡುವುದರಲ್ಲಿ ಹುರುಳಿಲ್ಲ. ಕಳೆದ ವರ್ಷದ ಟಿಪ್ಪಣಿಯ ಅಂಚಿನಲ್ಲಿ ಯಾವ ಉದಾಹರಣೆ ಮಕ್ಕಳಿಗೆ ಹಿಡಿಸಿತು, ಎಲ್ಲಿ ಗೊಂದಲವಾಯಿತು ಎಂದು ಎರಡು ಸಾಲು ಗುರುತು ಹಾಕಿಟ್ಟರೆ, ಈ ವರ್ಷದ ಸಿದ್ಧತೆ ಅಲ್ಲಿಂದ ಮುಂದೆ ಸಾಗುತ್ತದೆ. ಒಂದೇ ವಿಷಯವನ್ನು ಬೋಧಿಸುವ ಇಬ್ಬರು ಅಧ್ಯಾಪಕರು ಎಂಟನೆಯ ತರಗತಿಯ ಪ್ರಶ್ನೆಪತ್ರಿಕೆಯನ್ನು ಒಬ್ಬರು, ಒಂಬತ್ತನೆಯದನ್ನು ಇನ್ನೊಬ್ಬರು ಸಿದ್ಧಪಡಿಸಿ ಪರಸ್ಪರ ಪರಿಶೀಲಿಸಿದರೆ ಶ್ರಮವೂ ಅರ್ಧವಾಗುತ್ತದೆ, ದೋಷಗಳೂ ಕಡಿಮೆಯಾಗುತ್ತವೆ.

ಹಾಜರಿ ಪುಸ್ತಕದಿಂದ ಹಿಡಿದು ಗಣಕಯಂತ್ರದಲ್ಲಿ ತುಂಬಬೇಕಾದ ಮಾಹಿತಿಯವರೆಗೆ ದಾಖಲೆಗಳು ಬೆಳೆಯುತ್ತಲೇ ಇವೆ. ಇವುಗಳಿಗೆ ಒಂದೇ ಔಷಧವೆಂದರೆ ಆಯಾ ದಿನದ್ದನ್ನು ಆಯಾ ದಿನವೇ ಮುಗಿಸುವುದು. ತಿಂಗಳ ಕೊನೆಗೆ ಕೂಡಿಟ್ಟ ದಾಖಲೆ ನೆನಪಿನ ಮೇಲೆ ನಿಂತು ತಪ್ಪಿಗೆ ಎಡೆಮಾಡುತ್ತದೆ. ಮೊಬೈಲಿನ ವಾಟ್ಸಾಪ್ ಗುಂಪುಗಳ ಮೂಲಕ ಬರುವ ಪಾಲಕರ ಪ್ರಶ್ನೆಗಳಿಗೂ ಸಂಜೆಯಲ್ಲಿ ಒಂದು ನಿಶ್ಚಿತ ವೇಳೆಯನ್ನು ತಿಳಿಸಿ, ತುರ್ತು ಸಂಗತಿಗಳಿಗೆ ಶಾಲಾ ಕಚೇರಿಯನ್ನು ಸಂಪರ್ಕಿಸುವಂತೆ ಏರ್ಪಡಿಸುವುದು ಯುಕ್ತ. ಮನೆಗೆ ಹೋದೊಡನೆ ಎರಡನೆಯ ಸರದಿಯ ಕೆಲಸವನ್ನು ಎದುರಿಸುವ ಅಧ್ಯಾಪಕಿಯರಿಗೆ ಈ ಎಲ್ಲೆ ಅತ್ಯಾವಶ್ಯಕ. ದಣಿದ ದೇಹ ಮನಸ್ಸುಗಳಿಂದ ಲವಲವಿಕೆಯ ಪಾಠ ಹೊರಡಲಾರದು.

ಸಂಸ್ಥೆಯ ಮತ್ತು ಸಹೃದಯರ ಪಾಲು

ಇಷ್ಟು ಹೇಳಿ ನಿಲ್ಲಿಸಿದರೆ ಅಧ್ಯಾಪಕರಿಗೆ ಅನ್ಯಾಯವಾದೀತು. ವಾರದ ಎಲ್ಲ ಅವಧಿಗಳೂ ತುಂಬಿರುವ, ಒಂದೊಂದು ವಿಭಾಗದಲ್ಲಿ ಅರುವತ್ತು ಮಕ್ಕಳಿರುವ ಅಧ್ಯಾಪಕರ ಕಷ್ಟವನ್ನು ಯಾವ ದಿನಚರಿಯೂ ನೀಗಲಾರದು. ಅಲ್ಲಿ ಪರಿಹಾರ ವೇಳಾಪಟ್ಟಿಯನ್ನು ರಚಿಸುವವರ ಕೈಯಲ್ಲಿದೆ. ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಶಿಕ್ಷಣೇತರ ಕೆಲಸಗಳಿಗೆ ಅಧ್ಯಾಪಕರನ್ನು ನಿಯೋಜಿಸಬಾರದೆಂದು ಶಿಕ್ಷಣ ಹಕ್ಕು ಅಧಿನಿಯಮದ ೨೭ನೆಯ ಪ್ರಕರಣ ವಿಧಿಸುತ್ತದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದೇ ಧೋರಣೆಯನ್ನು ಎತ್ತಿಹಿಡಿದಿದೆ. ಇದರ ಆಶಯವನ್ನು ಶಾಲೆಯ ಒಳಗೂ ಪಾಲಿಸಬೇಕಾದುದು ನ್ಯಾಯ.

ಪಾಠದ ನಡುವೆ ಸೂಚನಾ ಪುಸ್ತಕವನ್ನು ತರಗತಿಯಿಂದ ತರಗತಿಗೆ ಕಳುಹಿಸದೆ ಪ್ರಾರ್ಥನೆಯ ವೇಳೆಯಲ್ಲಿಯೇ ತಿಳಿಸುವುದು, ಸಿಬ್ಬಂದಿ ಸಭೆಯ ವಿಷಯಗಳನ್ನು ಮುಂಚಿತವಾಗಿ ಕೊಟ್ಟು ಗೊತ್ತಾದ ವೇಳೆಗೆ ಮುಗಿಸುವುದು, ಬದಲಿ ತರಗತಿಗಳನ್ನು ಸರದಿಯಂತೆ ಎಲ್ಲರಿಗೂ ಸಮನಾಗಿ ಹಂಚುವುದು ಮುಖ್ಯೋಪಾಧ್ಯಾಯರಿಂದ ಆಗಬಹುದಾದ ಉಪಕಾರಗಳು. ಅತಿಥಿಗಳ ಸ್ವಾಗತ, ಸನ್ಮಾನಗಳನ್ನು ದಿನದ ಕೊನೆಯ ಅವಧಿಗೆ ಇರಿಸುವುದು ಆಡಳಿತ ಮಂಡಳಿಯವರಿಂದ ಆಗಬಹುದಾದುದು. ಮಾನ್ಯ ದಾನಿಗಳು ಹೊಸ ಕೊಠಡಿಯೊಂದನ್ನು ಕಟ್ಟಿಸಿಕೊಡುವಾಗ, ದಾಖಲೆಯ ಕೆಲಸಕ್ಕೆ ಗುಮಾಸ್ತರೊಬ್ಬರ ವೇತನ ಅಥವಾ ಪ್ರಶ್ನೆಪತ್ರಿಕೆಗಳಿಗೆ ಒಂದು ನಕಲು ಯಂತ್ರ ಇಂತಹವುಗಳನ್ನೂ ಪರಿಗಣಿಸಬೇಕೆಂದು ವಿನಂತಿ. ಅವುಗಳ ಮೇಲೆ ಹೆಸರಿನ ಫಲಕ ಇರಲಾರದು. ಆದರೆ ಅವು ಹಲವು ಅಧ್ಯಾಪಕರ ಎಷ್ಟೋ ಗಂಟೆಗಳನ್ನು ಮಕ್ಕಳಿಗೆ ಮರಳಿಸುತ್ತವೆ. ಹಳೆಯ ವಿದ್ಯಾರ್ಥಿಗಳು ಕ್ರೀಡಾಕೂಟದ ಏರ್ಪಾಡು, ಗ್ರಂಥಾಲಯದ ಪುಸ್ತಕಗಳ ಪಟ್ಟಿ, ಎಸ್.ಎಸ್.ಎಲ್.ಸಿ. ಮಕ್ಕಳ ಸಂಜೆಯ ಅಭ್ಯಾಸ ಮುಂತಾದವುಗಳಿಗೆ ವರ್ಷದಲ್ಲಿ ಕೆಲವು ದಿನಗಳನ್ನು ಕೊಟ್ಟರೆ ಅದು ಧನಕ್ಕಿಂತ ಮಿಗಿಲಾದ ಕಾಣಿಕೆಯಾಗುತ್ತದೆ.

ಕೊನೆಯದಾಗಿ, ಪ್ರತಿಯೊಂದು ನಿಮಿಷವನ್ನೂ ಕೆಲಸದಿಂದ ತುಂಬುವುದು ಕಾಲವಿನಿಯೋಗದ ಗುರಿಯಲ್ಲ. ಗಂಟೆ ಬಾರಿಸಿದ ಮೇಲೆ ಒಂದು ಮಗು ಸಂಕೋಚದಿಂದ ಪುಸ್ತಕ ಹಿಡಿದು ಬಳಿಗೆ ಬಂದಾಗ, ‘ಈಗ ವೇಳೆಯಿಲ್ಲ, ನಾಳೆ ಬಾ’ ಎನ್ನದೆ ನಿಂತು ಕೇಳುವಷ್ಟು ನೆಮ್ಮದಿ ಅಧ್ಯಾಪಕರಿಗಿರಬೇಕು. ನಾಳೆ ಬರುವಷ್ಟು ಧೈರ್ಯ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಅಧ್ಯಾಪಕ ಬಂಧುಗಳು ಮೇಲೆ ಸೂಚಿಸಿದ ಕ್ರಮಗಳಲ್ಲಿ ತಮಗೆ ಒಪ್ಪುವ ಒಂದೆರಡನ್ನಾದರೂ ಈ ವರ್ಷ ಆಚರಣೆಗೆ ತಂದು ನೋಡುವರೆಂದು ಆಶಿಸಲಾಗಿದೆ.