ನೈಲಾನಿನ ಹಲ್ಲುಸೆಟ್ಟು

ಪ್ರಶ್ನೆ: ಬಾಗುವ ನೈಲಾನಿನ ಹಲ್ಲುಸೆಟ್ಟು ಒಡೆಯುವುದಿಲ್ಲವಂತೆ, ನಮ್ಮ ಕಟಕ ರೊಟ್ಟಿಗೆ ಅದು ತಕ್ಕುದೇ?
— ಓದುಗರೊಬ್ಬರು, ಬನಹಟ್ಟಿ

ಉತ್ತರ: ಮಗ್ಗದ ಊರಿನವರಾದ ತಮಗೆ ನೈಲಾನು ನೂಲಿನ ರೂಪದಲ್ಲಿ ಪರಿಚಿತವಾಗಿರಬೇಕು. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ವಾಲೆಸ್ ಕ್ಯಾರೊದರ್ಸನ ತಂಡದಿಂದ ಜನ್ಮ ತಾಳಿದ ಆ ಪದಾರ್ಥದ ಕುಲವೇ, 1950ರ ದಶಕದಲ್ಲಿ ದಂತವೈದ್ಯರ ಕೈಸೇರಿ, ಕಾಯಿಸಿ ಕರಗಿಸಿ ಒತ್ತಡದಿಂದ ಅಚ್ಚಿನೊಳಗೆ ನುಗ್ಗಿಸಲ್ಪಟ್ಟು, ವಸಡಿನ ವರ್ಣವನ್ನು ಧರಿಸಿದ ದಂತಪೀಠವಾಗಿ ಪರಿಣಮಿಸಿತು. ನೆಲಕ್ಕೆ ಬಿದ್ದರೂ ಸಾಮಾನ್ಯ ಹಲ್ಲುಸೆಟ್ಟಿನ ಗಡುಸು ಪ್ಲಾಸ್ಟಿಕ್ಕಾದ ಅಕ್ರಿಲಿಕ್ಕಿನಷ್ಟು ಸುಲಭವಾಗಿ ಒಡೆಯದಿರುವುದೂ, ಲೋಹದ ಕೊಂಡಿಗಳಿಲ್ಲದೆಯೇ ಉಳಿದ ಹಲ್ಲುಗಳನ್ನು ಅಪ್ಪಿ ನಿಲ್ಲುವುದೂ, ಅಕ್ರಿಲಿಕ್ಕು ಒಗ್ಗದ ಬಾಯಿಗೆ ಆಶ್ರಯವಾಗುವುದೂ ಅದರ ನಿಜವಾದ ಗುಣಗಳು.

ಆದರೆ ಆ ಬಾಗುವಿಕೆಯೇ ಅಗಿಯುವಾಗ ದೋಷವಾಗುತ್ತದೆ. ಜಮಖಂಡಿ, ಮುಧೋಳ, ಬೀಳಗಿಗಳ ಮನೆಮನೆಯ ಜೋಳದ ಗಟ್ಟಿಯಾದ ಕಟಕ ರೊಟ್ಟಿಯ ಭಾರವನ್ನು ಲೋಹದ ಚೌಕಟ್ಟಿನ ಸೆಟ್ಟು ಉಳಿದ ಹಲ್ಲುಗಳಿಗೂ ಹಂಚಿದರೆ, ನೈಲಾನು ಬಹುಮಟ್ಟಿಗೆ ವಸಡಿನ ಮೇಲೆಯೇ ಹೇರುವುದು. ಕಾಲಕ್ರಮದಲ್ಲಿ ಕೆಳಗಿನ ಎಲುಬು ಸವೆದು ಸೆಟ್ಟು ಸಡಿಲಿದಾಗ, ಅದಕ್ಕೆ ಒಳಪದರ ಹಚ್ಚಿ ಸರಿಪಡಿಸುವುದೂ ದುಷ್ಕರ. ಆದುದರಿಂದ ಮುಂದಿನ ಒಂದೆರಡು ಹಲ್ಲುಗಳಿಗೆ ನೈಲಾನು ಸಾಕು. ರೊಟ್ಟಿ ಅಗಿಯುವ ದವಡೆಹಲ್ಲುಗಳಿಗೆ ಲೋಹದ ಚೌಕಟ್ಟೇ ಲೇಸೆಂದು ನನ್ನ ನಿಶ್ಚಿತಾಭಿಪ್ರಾಯ. ಯಾವುದನ್ನೇ ಧರಿಸಿದರೂ ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡಿರಿ.