ಮಂದ ಗಾಳಿಗೆ ಯಾವ ಗಾಳಿಪಟ? ಕೈಟ್‌ಬೋರ್ಡಿಂಗ್ ಸಲಕರಣೆಯ ಖರೀದಿಯಲ್ಲಿ ಗಮನಿಸಬೇಕಾದ ಅಂಶಗಳು

ಕಡಲತೀರದ ಪ್ರವಾಸೋದ್ಯಮವನ್ನು ನೆಚ್ಚಿಕೊಂಡಿರುವ ವ್ಯಾಪಾರಗಳಲ್ಲಿ ಕೈಟ್‌ಬೋರ್ಡಿಂಗ್ ಸಲಕರಣೆಯಷ್ಟು ಹವಾಮಾನಕ್ಕೆ ಕಟ್ಟುಬಿದ್ದ ಸರಕು ಬಹಳವಿಲ್ಲ. ಸವಾರನು ಪಾದಗಳನ್ನು ಹಲಗೆಯೊಂದರ ಪಟ್ಟಿಗಳಲ್ಲಿ ತೂರಿಸಿ, ಸೊಂಟಕ್ಕೆ ಬಿಗಿದ ಪಟ್ಟಕ್ಕೆ ದೊಡ್ಡ ಗಾಳಿಪಟವನ್ನು ಸಿಕ್ಕಿಸಿಕೊಂಡು, ಅದರ ಎಳೆತದಿಂದ ನೀರಿನ ಮೇಲೆ ಜಾರುವ ಕ್ರೀಡೆ ಇದು. ವಿದೇಶಿ ತಯಾರಕರ ಪಟ್ಟಿಗಳಲ್ಲಿ 7, 9 ಮತ್ತು 12 ಚದರ ಮೀಟರಿನ ಗಾಳಿಪಟಗಳಿಗೇ ಅಗ್ರಸ್ಥಾನ. ಅವು ಜೋರು ಗಾಳಿಯ ತೀರಗಳಿಗೆ ಒಗ್ಗಿದ ಅಳತೆಗಳು. ಆ ಪಟ್ಟಿಯನ್ನು ಹಾಗೆಯೇ ಅನುಸರಿಸಿ ಮಾಲು ತರಿಸಿದ ವರ್ತಕನ ಬಂಡವಾಳವು ಮಂದ ಗಾಳಿಯ ತೀರದಲ್ಲಿ ಗೋದಾಮಿನಲ್ಲೇ ಮಲಗುತ್ತದೆ. ಒಂದು ಗಾಳಿಪಟಕ್ಕೆ ಒಂದೂವರೆ ಸಾವಿರ ಯೂರೊ ಅಥವಾ ಅದಕ್ಕೂ ಹೆಚ್ಚು ಬೆಲೆ ತೆರಬೇಕಾದ್ದರಿಂದ ಈ ತಪ್ಪು ಅಗ್ಗದ್ದಲ್ಲ.

ಭಾರತದ ಪಶ್ಚಿಮ ಕರಾವಳಿಯ ಸ್ಥಿತಿಯನ್ನೇ ನೋಡಬಹುದು. ನೈರುತ್ಯ ಮುಂಗಾರಿನಲ್ಲಿ ಗಾಳಿಗೇನೂ ಕೊರತೆಯಿಲ್ಲ. ಆದರೆ ಆಗ ಕಡಲು ಅಬ್ಬರಿಸುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿರುತ್ತದೆ. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಬೀಸುವುದು ನೆಲ ಕಾದ ಮೇಲೆ ಮಧ್ಯಾಹ್ನ ಏಳುವ ಕಡಲಗಾಳಿ. ಗೋವೆಯ ಅಶ್ವೆಂ, ಮೋರ್ಜಿಮ್ ತೀರಗಳಲ್ಲಿ ಈ ಕ್ರೀಡೆ ನಡೆಯುವುದು ಈ ಗಾಳಿಯನ್ನು ನಂಬಿಯೇ. ಕೆನರಾ ತೀರದಲ್ಲಿ ಇಂತಹ ಉದ್ಯಮಕ್ಕೆ ಕೈಹಾಕುವವರೂ ಇದೇ ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಪಾಕ್ ಜಲಸಂಧಿಯ ರಾಮೇಶ್ವರ ಅಥವಾ ಶ್ರೀಲಂಕೆಯ ಕಲ್ಪಿಟಿಯದ ಜೋರು ಗಾಳಿಯ ಲೆಕ್ಕ ಇಲ್ಲಿಗೆ ಒಪ್ಪುವುದಿಲ್ಲ.

ಗಾಳಿಯ ವೇಗವನ್ನು ಈ ಕ್ಷೇತ್ರದಲ್ಲಿ ನಾಟ್‌ಗಳಲ್ಲಿ ಅಳೆಯುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರು. ಸಾಮಾನ್ಯವಾಗಿ 8ರಿಂದ 12 ನಾಟ್‌ವರೆಗಿನ ಗಾಳಿಯನ್ನು ಮಂದ ಗಾಳಿ ಎನ್ನುವುದು ವಾಡಿಕೆ. ಎಲೆಗಳೂ ಸಣ್ಣ ರೆಂಬೆಗಳೂ ಎಡೆಬಿಡದೆ ಅಲುಗಾಡುತ್ತ, ಹಗುರ ಬಾವುಟ ಬಿಚ್ಚಿಕೊಂಡು, ಕಡಲಿನಲ್ಲಿ ಅಲ್ಲಲ್ಲಿ ಮಾತ್ರ ಬಿಳಿನೊರೆ ಕಾಣಿಸಿದರೆ ಗಾಳಿ 7ರಿಂದ 10 ನಾಟ್ ಇದೆ ಎಂದು ತಿಳಿಯಬಹುದು. ಧೂಳು, ಕಾಗದದ ಚೂರು ಮೇಲೇಳತೊಡಗಿದರೆ ಅದು 11 ನಾಟ್ ದಾಟಿದೆ.

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ವೇಗ ಅರ್ಧವಾದರೆ ಎಳೆತ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. 20 ನಾಟ್ ಗಾಳಿಯಲ್ಲಿ 9 ಚದರ ಮೀಟರಿನ ಗಾಳಿಪಟ ಸಾಕಾಗುವ ಸವಾರನಿಗೆ ಈ ಲೆಕ್ಕದಂತೆ 10 ನಾಟ್‌ನಲ್ಲಿ 36 ಚದರ ಮೀಟರು ಬೇಕಾಗಬೇಕು. ವಾಸ್ತವದಲ್ಲಿ 16-17 ಚದರ ಮೀಟರಿನಲ್ಲೇ ಕೆಲಸ ಸಾಗುತ್ತದೆ. ಏಕೆಂದರೆ ಗಾಳಿಪಟ ನಿಂತಲ್ಲಿ ನಿಂತಿರುವುದಿಲ್ಲ. ಸವಾರನು ಅದನ್ನು ಆಕಾಶದಲ್ಲಿ ಮೇಲಕ್ಕೂ ಕೆಳಕ್ಕೂ ಬೀಸಾಡಿಸುತ್ತಾನೆ, ಆ ಚಲನೆಯಿಂದ ಅದಕ್ಕೆ ತಗಲುವ ಗಾಳಿಯ ವೇಗ ತಾನಾಗಿ ಹೆಚ್ಚುತ್ತದೆ. ಈ ಕಾರಣದಿಂದ ಮಂದ ಗಾಳಿಯ ಗಾಳಿಪಟಕ್ಕೆ ಗಾತ್ರವಿದ್ದರೆ ಸಾಲದು, ಚುರುಕಾಗಿ ತಿರುಗುವ ಗುಣವೂ ಇರಬೇಕು. ಬರಿಯ ಗಾತ್ರ ನೋಡಿ ಕೊಂಡ ಸೋಮಾರಿ ಗಾಳಿಪಟಗಳು ಬಾಡಿಗೆ ಕೇಂದ್ರಗಳ ಮೂಲೆ ಸೇರುವುದಕ್ಕೆ ಇದೇ ಕಾರಣ.

ಬಳಕೆಯಲ್ಲಿರುವ ಒಂದು ಸರಳ ಸೂತ್ರದಂತೆ, ಸವಾರನ ತೂಕವನ್ನು 2.2ರಿಂದ ಗುಣಿಸಿ ಗಾಳಿಯ ನಾಟ್‌ಗಳಿಂದ ಭಾಗಿಸಿದರೆ ಚದರ ಮೀಟರಿನಲ್ಲಿ ಗಾತ್ರ ದೊರೆಯುತ್ತದೆ. 10 ನಾಟ್ ಗಾಳಿಯಲ್ಲಿ 60 ಕಿಲೋ ತೂಕದವನಿಗೆ 13, 75 ಕಿಲೋದವನಿಗೆ 16.5, 90 ಕಿಲೋದವನಿಗೆ ಸುಮಾರು 20 ಚದರ ಮೀಟರು. ಇದು ಅಂದಾಜು ಮಾತ್ರ. ಸೂತ್ರ ಹೇಳದ ಇನ್ನೊಂದು ಸಂಗತಿಯೂ ಇದೆ: ಕಾದ ಗಾಳಿ ಹಗುರ. 5 ಡಿಗ್ರಿ ಸೆಲ್ಸಿಯಸ್‌ನ ಗಾಳಿಗಿಂತ 35 ಡಿಗ್ರಿಯ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 10ರಷ್ಟು ಕಡಿಮೆ. ಉತ್ತರ ಸಮುದ್ರದ ತೀರದಲ್ಲಿ ಪರೀಕ್ಷಿಸಿ ಬರೆದ ಗಾತ್ರಗಳು ಉಷ್ಣವಲಯದ ಕರಾವಳಿಯಲ್ಲಿ ಸ್ವಲ್ಪ ಕಿರಿದೆನಿಸುವುದು ಸಹಜ.

ಗಾತ್ರದ ನಂತರ ತೂಕ. ಇಂದಿನ ಬಹುಪಾಲು ಗಾಳಿಪಟಗಳ ಮೂಲವಿನ್ಯಾಸ ಫ್ರಾನ್ಸಿನ ಸಹೋದರರಾದ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ ಅವರದು. ಗಾಳಿ ತುಂಬಿದ ಕೊಳವೆಗಳೇ ಬೆನ್ನೆಲುಬಾಗಿರುವ, ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಮೇಲೇಳಬಲ್ಲ ಗಾಳಿಪಟಕ್ಕೆ ಅವರು 1984ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. ವಿಪಿಕಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಯಲ್ಲಿ ನೆಲೆಯೂರಿದ್ದು 1997ರ ಸುಮಾರಿಗೆ. ಹದಿಮೂರು ವರ್ಷ ಕಾದ ಮೇಲೆ ಬಂದ ಫಲವದು; ನಂತರ ಇತರ ತಯಾರಕರು ಅವರಿಂದ ಪರವಾನಗಿ ಪಡೆದು ಉತ್ಪಾದನೆಗೆ ಇಳಿದರು. ಪೇಟೆಂಟನ್ನು ಬರಿಯ ಖರ್ಚೆಂದು ಬಗೆಯುವ ಸಣ್ಣ ಉದ್ದಿಮೆದಾರರು ಇದನ್ನು ಗಮನಿಸಬಹುದು.

ಈ ವಿನ್ಯಾಸದಲ್ಲಿ ಮುಂಭಾಗದ ದಪ್ಪ ಕೊಳವೆಯ ಜೊತೆಗೆ ಬಟ್ಟೆಯನ್ನು ಹಿಡಿದು ನಿಲ್ಲಿಸುವ ಅಡ್ಡಕೊಳವೆಗಳು ಇರುತ್ತವೆ. ಸಾಮಾನ್ಯ ಗಾಳಿಪಟದಲ್ಲಿ ಮೂರು ಅಥವಾ ಐದು. ಮಂದ ಗಾಳಿಗೆಂದೇ ತಯಾರಾದವುಗಳಲ್ಲಿ ಒಂದೇ ಇರಬಹುದು, ಕೆಲವದರಲ್ಲಿ ಒಂದೂ ಇರುವುದಿಲ್ಲ. ಕೊಳವೆ ಕಡಿಮೆಯಾದಷ್ಟೂ ತೂಕ ಕಡಿಮೆ, ಗಾಳಿ ಇಳಿದಾಗಲೂ ಆಕಾಶದಲ್ಲಿ ತೇಲುವ ಶಕ್ತಿ ಹೆಚ್ಚು. ಮಂದ ಗಾಳಿಯಲ್ಲಿ ನಿಜವಾದ ತೊಂದರೆ ಎಳೆತದ್ದಲ್ಲ. ಗಾಳಿ ಒಂದು ಕ್ಷಣ ನಿಂತಾಗ ನೀರಿಗೆ ಬೀಳುವ ಭಾರದ ಗಾಳಿಪಟವು ಮತ್ತೆ ಏಳದೆ ಸವಾರನು ಈಜಿಕೊಂಡು ದಡ ಸೇರಬೇಕಾಗುವುದು. ಕೊಳವೆ ಕಡಿಮೆಯಿದ್ದರೆ ನಷ್ಟವೂ ಇದೆ. ಗಾಳಿ ಜೋರಾದ ಕೂಡಲೇ ಬಟ್ಟೆ ಪಟಪಟ ಬಡಿದುಕೊಂಡು ಆಕಾರ ಕೆಡುತ್ತದೆ.

ಬಟ್ಟೆಯ ವಿಷಯ ಜವಳಿ ಉದ್ಯಮದವರಿಗೆ ಹೆಚ್ಚು ರುಚಿಸೀತು. ಮೇಲುಹೊದಿಕೆಗೆ ಚದರ ಮೀಟರಿಗೆ ಸುಮಾರು 50 ಗ್ರಾಂ ತೂಗುವ ರಿಪ್‌ಸ್ಟಾಪ್ ಪಾಲಿಯೆಸ್ಟರನ್ನು ಬಳಸುತ್ತಾರೆ. ನಿಯತ ಅಂತರದಲ್ಲಿ ದಪ್ಪ ಎಳೆಗಳನ್ನು ಚೌಕಳಿಯಾಗಿ ನೇಯ್ದಿರುವುದರಿಂದ ಹರಿದರೂ ಹರುಕು ಮುಂದುವರಿಯುವುದಿಲ್ಲ. ಜಪಾನಿನ ಟೇಜಿನ್ ಸಂಸ್ಥೆಯ ಬಟ್ಟೆಗೆ ಈ ಉದ್ಯಮದಲ್ಲಿ ಬಹುಕಾಲದಿಂದ ಹೆಸರಿದೆ. ಕೊಳವೆಗಳಿಗೆ ಅದಕ್ಕಿಂತ ಮೂರು ಪಟ್ಟು ತೂಗುವ ಡಾಕ್ರಾನ್. ಅಂದರೆ ಗಾಳಿಪಟದ ತೂಕ ಅಡಗಿರುವುದು ಹೊದಿಕೆಗಿಂತ ಮಿಗಿಲಾಗಿ ಕೊಳವೆಯಲ್ಲೇ. ಕೆನಡಾದ ಅಲೂಲಾ ಸಂಸ್ಥೆಯು ಅಧಿಕ ಅಣುಭಾರದ ಪಾಲಿಎಥಿಲೀನ್ ನಾರಿನಿಂದ ತಯಾರಿಸಿದ ಹಗುರ ವಸ್ತುವು 2020ರ ಸುಮಾರಿಗೆ ಈ ಜಾಗಕ್ಕೆ ಪ್ರವೇಶಿಸಿತು. ಅದರಿಂದಾದ ಗಾಳಿಪಟಗಳು ಮಂದ ಗಾಳಿಯಲ್ಲಿ ನಿಸ್ಸಂಶಯವಾಗಿ ಮೇಲು. ಬೆಲೆಯೂ ಅಷ್ಟೇ ಮೇಲು. ಮರಳಿನ ಮೇಲೆ ಎಳೆದಾಡುವ ಕಲಿಕಾರ್ಥಿಗಳ ಕೈಗೆ ಅವನ್ನು ಕೊಡುವುದು ಜಾಣತನವಲ್ಲ.

ಕೊಳವೆಗಳೇ ಇಲ್ಲದ, ಪ್ಯಾರಾಗ್ಲೈಡರಿನಂತೆ ಗೂಡುಗಳಲ್ಲಿ ಗಾಳಿ ತುಂಬಿಕೊಂಡು ಆಕಾರ ತಳೆಯುವ ಫಾಯಿಲ್ ಗಾಳಿಪಟಗಳು ಇನ್ನೂ ಹಗುರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಬಾರಿಗೆ ಸೇರ್ಪಡೆಯಾದಾಗ ಮಾರ್ಸೇಯ ಕಡಲಿನಲ್ಲಿ ಸ್ಪರ್ಧಿಗಳು ಬಳಸಿದ್ದು ಇವನ್ನೇ. ಅಲ್ಲಿಯೂ ಗಾಳಿಯ ಅಭಾವದಿಂದ ಸ್ಪರ್ಧೆಗಳನ್ನು ಮುಂದೂಡಬೇಕಾಯಿತು ಎಂಬುದನ್ನು ಮರೆಯಬಾರದು. ಗಾಳಿಯೇ ಇಲ್ಲದೆಡೆ ಯಾವ ಸಲಕರಣೆಯೂ ನಡೆಯದು. ನೀರಿಗೆ ಬಿದ್ದು ನೆನೆದ ಫಾಯಿಲ್ ಗಾಳಿಪಟವನ್ನು ಮತ್ತೆ ಎಬ್ಬಿಸುವುದು ಕಷ್ಟ, ಅದರ ಹತ್ತಾರು ಸಣ್ಣ ದಾರಗಳು ಸಿಕ್ಕುಗೊಂಡರೆ ಬಿಡಿಸುವುದಕ್ಕೆ ತಾಳ್ಮೆ ಬೇಕು. ನುರಿತವರಿಗೆ ಮಾರಬಹುದು, ಬಾಡಿಗೆಗೆ ಇಡುವ ಮಾಲಲ್ಲ.

ದಾಸ್ತಾನಿನ ಲೆಕ್ಕವನ್ನೇ ತಲೆಕೆಳಗು ಮಾಡಿದ ಬದಲಾವಣೆಯೆಂದರೆ ಹೈಡ್ರೋಫಾಯಿಲ್. ಹಲಗೆಯ ಕೆಳಗೆ ಕಂಬವೊಂದನ್ನು ಜೋಡಿಸಿ ಅದರ ತುದಿಗೆ ರೆಕ್ಕೆಗಳನ್ನಿಟ್ಟಾಗ, ವೇಗ ಬಂದೊಡನೆ ಹಲಗೆ ನೀರಿನಿಂದ ಮೇಲೇಳುತ್ತದೆ. ನೀರಿನ ತಡೆ ತೀರ ಇಳಿಯುತ್ತದೆ. 17 ಚದರ ಮೀಟರು ಬೇಕಾಗಿದ್ದ ಗಾಳಿಯಲ್ಲಿ 9ರಿಂದ 12 ಚದರ ಮೀಟರು ಸಾಕಾಗುತ್ತದೆ. 2010ರ ದಶಕದ ಮಧ್ಯದಿಂದ ಇದು ಹರಡಿದಂತೆ ನುರಿತ ಸವಾರರಲ್ಲಿ ಭಾರಿ ಗಾಳಿಪಟಗಳ ಬೇಡಿಕೆ ಕುಗ್ಗಿತು. ಆದರೆ ಕಂಬಕ್ಕೆ ಒಂದು ಮೀಟರಿಗೂ ಮಿಗಿಲಾದ ಆಳ ಬೇಕು. ಮರಳುದಿಬ್ಬ ಮತ್ತು ರಂಪಣಿ ಬಲೆಗಳಿರುವ ತೀರದಲ್ಲಿ ಅದಕ್ಕೆ ಜಾಗ ನೋಡಿಯೇ ಇಳಿಯಬೇಕು. ಹೊಸಬರ ಕಾಲಿಗೆ ಅದರ ರೆಕ್ಕೆ ಅಪಾಯಕಾರಿ. ಆದ್ದರಿಂದ ಕಲಿಸುವ ಕೇಂದ್ರಕ್ಕೆ ಭಾರಿ ಗಾಳಿಪಟ ಇನ್ನೂ ಅನಿವಾರ್ಯ. ಮಾರಾಟದ ಅಂಗಡಿಗೆ ಒಂದೆರಡಕ್ಕಿಂತ ಹೆಚ್ಚು ಬೇಡ.

ಕೈಯಲ್ಲಿ ಹಣ ಕಡಿಮೆಯಿದ್ದಲ್ಲಿ ಮೊದಲು ಕೊಳ್ಳಬೇಕಾದದ್ದು ಗಾಳಿಪಟವಲ್ಲ, ಅಗಲವಾದ ಹಲಗೆ. ಸುಮಾರು 160 ಸೆಂಟಿಮೀಟರು ಉದ್ದ, 45 ಸೆಂಟಿಮೀಟರು ಅಗಲದ ಚಪ್ಪಟೆ ಹಲಗೆಯೊಂದಿಗೆ 12 ಚದರ ಮೀಟರಿನ ಹಳೆಯ ಗಾಳಿಪಟವೇ ಇನ್ನೊಂದೆರಡು ನಾಟ್ ಕೆಳಗಿನವರೆಗೆ ಉಪಯೋಗಕ್ಕೆ ಬರುತ್ತದೆ. ಗಾಳಿಪಟದ ಬೆಲೆಗೆ ಹೋಲಿಸಿದರೆ ಹಲಗೆಯ ಬೆಲೆ ಬಹಳ ಕಡಿಮೆ.

ಸುರಕ್ಷತೆಯ ಮಾತು ಮಂದ ಗಾಳಿಯಲ್ಲಿ ಹಗುರವಾಗಿಬಿಡುತ್ತದೆ; ಆಗಬಾರದು. ವೇಗದ ವರ್ಗದ ನಿಯಮ ಎರಡೂ ಕಡೆಗೆ ಕೆಲಸ ಮಾಡುತ್ತದೆ. ಮಳೆಗಾಲದ ಮುನ್ನ ಮೋಡ ಕವಿದು 10 ನಾಟ್ ಗಾಳಿ ನಿಮಿಷಗಳೊಳಗೆ 20ಕ್ಕೆ ಏರಿದರೆ, 17 ಚದರ ಮೀಟರಿನ ಗಾಳಿಪಟದ ಎಳೆತ ನಾಲ್ಕು ಪಟ್ಟಾಗಿ ಸವಾರನನ್ನು ದಡದ ಬಂಡೆಯವರೆಗೂ ಎತ್ತಿ ಒಯ್ಯಬಲ್ಲದು. ಅಂತಹ ಹೊತ್ತಿನಲ್ಲಿ ಜೀವ ಉಳಿಸುವುದು ಸೊಂಟದ ಬಳಿಯ ಬಿಡುಗಡೆಯ ಕೊಂಡಿ. ಇದಕ್ಕಾಗಿ 2020ರಲ್ಲಿ ಐಎಸ್ಒ 21853 ಎಂಬ ಅಂತರರಾಷ್ಟ್ರೀಯ ಮಾನಕ ಪ್ರಕಟವಾಗಿದೆ. ಬಾಡಿಗೆಗೆ ಕೊಡುವ ಉದ್ದಿಮೆಯು ಅದಕ್ಕೆ ಒಪ್ಪುವ ಕೊಂಡಿಯಿಲ್ಲದ ಮಾಲನ್ನು, ಎಷ್ಟೇ ಅಗ್ಗಕ್ಕೆ ದೊರೆತರೂ, ತರಿಸಕೂಡದು. ಸಿಹಿನೀರಿನಲ್ಲಿ ತೊಳೆಯದ ಕೊಂಡಿಯೊಳಗೆ ಮರಳು ಸೇರಿ ಅದು ಬಿಗಿದುಕೊಳ್ಳುವುದುಂಟು. ಪ್ರತಿದಿನ ಎಳೆದು ನೋಡುವ ಪದ್ಧತಿ ಇರಬೇಕು.

ಬಳಸಿದ ಗಾಳಿಪಟ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬಾರದು. ಬಟ್ಟೆಯನ್ನು ಬೆರಳುಗಳ ನಡುವೆ ಹಿಸುಕಿದಾಗ ಹೊಸ ಕಾಗದದಂತೆ ಗರಿಗರಿ ಸದ್ದು ಬಂದರೆ ಅದರ ಲೇಪ ಉಳಿದಿದೆ ಎಂದರ್ಥ; ಹಳೆಯ ಸೀರೆಯಂತೆ ಮೆತ್ತಗಿದ್ದರೆ ಬಿಸಿಲು ಅದನ್ನು ತಿಂದಿದೆ. ಹಿಂಬದಿಯ ಅಂಚಿನ ಹೊಲಿಗೆ ಮೊದಲು ಬಿಡುವ ಜಾಗ. ಕೊಳವೆಗಳನ್ನು ಮಾರುವವನ ಮುಂದೆಯೇ ಊದಿಸಬೇಕು. ದೊಡ್ಡ ಗಾಳಿಪಟದ ಕೊಳವೆ ದಪ್ಪವಾದ್ದರಿಂದ ಅದೇ ಒತ್ತಡಕ್ಕೆ ಹೊಲಿಗೆಯ ಮೇಲೆ ಬೀಳುವ ಬಲ ಹೆಚ್ಚು. ಅದಕ್ಕೆ ಸಣ್ಣದರಷ್ಟು ಒತ್ತಡ ತುಂಬಬಾರದು, ತಯಾರಕರು ಅಚ್ಚುಹಾಕಿದ ಮಿತಿಯನ್ನು ಮೀರಬಾರದು. ಊದಿದ್ದನ್ನು ನೆರಳಿನಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಕೊಳವೆ ಬಿಗಿಯಾಗಿಯೇ ಇದ್ದರೆ ಮಾತ್ರ ಹಣ ಎಣಿಸಬೇಕು.