ಕಂತು ಎಷ್ಟೆಂದು ನಾವೇ ಹೇಳಿದೆವು

ಸಾಲ ವಸೂಲಿಯವರ ಫೋನ್ ಬಂದರೆ ನಮ್ಮಂಥ ಮನೆಗಳಲ್ಲಿ ಎರಡರಲ್ಲಿ ಒಂದು ನಡೆಯುತ್ತದೆ. ಫೋನ್ ಎತ್ತುವುದೇ ಇಲ್ಲ, ಇಲ್ಲವೇ ‘ಶುಕ್ರವಾರ ಹಾಕ್ತೀನಿ ಸಾರ್’ ಎಂದು ಆಗದ ಮಾತು ಕೊಡುತ್ತೇವೆ. ಶುಕ್ರವಾರ ದಾಟಿದ ಮೇಲೆ ಅವರ ದನಿಯೇ ಬೇರೆಯಾಗುತ್ತದೆ.

ಬನಶಂಕರಿ ಎರಡನೇ ಹಂತದಲ್ಲಿ ನಮ್ಮದು ಬಾಡಿಗೆ ಮನೆ. ಅಪ್ಪ ಆಟೊ ಓಡಿಸುತ್ತಾರೆ, ಅಮ್ಮ ಬ್ಲೌಸ್ ಹೊಲಿಯುತ್ತಾರೆ, ನಾನು ಬಿಇ ಐದನೇ ಸೆಮಿಸ್ಟರ್. ಅಪ್ಪನ ಕಾಲಿನ ಮೂಳೆ ಮುರಿದು ಎರಡು ತಿಂಗಳು ಆಟೊ ನಿಂತಿತು. ಫೈನಾನ್ಸ್ ಕಂಪನಿಯೊಂದರಿಂದ ತೆಗೆದಿದ್ದ 1.20 ಲಕ್ಷ ರೂಪಾಯಿ ಸಾಲಕ್ಕೆ ತಿಂಗಳಿಗೆ 6,345 ರೂಪಾಯಿ ಕಂತು. ಎರಡು ಕಂತು ತಪ್ಪಿತು. ಕರೆಗಳು ಶುರುವಾದವು, ಒಮ್ಮೆ ರಾತ್ರಿ ಎಂಟೂವರೆಗೆ.

‘ಹೊಸ ಕಾನೂನು ಬಂದಿದೆಯಲ್ಲ, ಸ್ಟೇಷನ್‌ಗೆ ಹೋಗಿ’ ಎಂದರು ಪಕ್ಕದ ಮನೆಯ ಅಂಕಲ್. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು ನಿಜ. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆದರೆ ಆರ್‌ಬಿಐ ನೋಂದಣಿ ಇರುವ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಕಂಪನಿಗೆ ನೋಂದಣಿ ಇತ್ತು. ಅಂಥವರಿಗೆ ಆರ್‌ಬಿಐನ 2022ರ ಆಗಸ್ಟ್ ಸುತ್ತೋಲೆ ಇತ್ತು: ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ನಾಲ್ಕು ಜನರ ಮುಂದೆ ಅವಮಾನ ಮಾಡುವಂತಿಲ್ಲ. ಸುತ್ತೋಲೆಯ ತಾರೀಕು ಸಮೇತ ಹೇಳಿದೆ, ರಾತ್ರಿಯ ಕರೆ ನಿಂತಿತು. ಕರೆ ನಿಂತರೆ ಸಾಲ ನಿಲ್ಲುವುದಿಲ್ಲವಲ್ಲ.

ಆಮೇಲೆ ಕೂತದ್ದು ಲೆಕ್ಕಕ್ಕೆ. ಅಪ್ಪ ಅರ್ಧ ದಿನ ಆಟೊ ಓಡಿಸಿ, ಗ್ಯಾಸ್ ಖರ್ಚು ಕಳೆದು ತರುವುದು 12 ಸಾವಿರ, ಅಮ್ಮನದು 9 ಸಾವಿರ. ಬಾಡಿಗೆ 8,500, ದಿನಸಿ, ಹಾಲು, ಸಿಲಿಂಡರ್ 6,500, ಅಪ್ಪನ ಔಷಧಿ 1,200, ಫೋನು ಇತ್ಯಾದಿ 500. ಶಕ್ತಿ ಯೋಜನೆಯಿಂದ ನನ್ನ ಬಸ್ ಖರ್ಚು ಸೊನ್ನೆ. ಉಳಿಯುವುದು 4,300. ಅದನ್ನೂ ಪೂರ್ತಿ ಕೊಟ್ಟರೆ ಒಂದು ಜ್ವರ ಬಂದರೂ ಮತ್ತೆ ಕಂತು ತಪ್ಪುತ್ತದೆ. ಬಾಕಿ ಸುಮಾರು 80 ಸಾವಿರ, ಬಡ್ಡಿ ಶೇ 24. ಎಕ್ಸೆಲ್‌ನಲ್ಲಿ ಅವಧಿ ಬದಲಿಸುತ್ತ ಹೋದೆ: 24 ತಿಂಗಳಾದರೆ ಕಂತು 4,230, 30 ತಿಂಗಳಾದರೆ 3,572. ಉಳಿದ 14 ತಿಂಗಳಲ್ಲೇ ತೀರಿಸುವುದಕ್ಕೆ ಹೋಲಿಸಿದರೆ 30 ತಿಂಗಳಿಗೆ ಬಡ್ಡಿ 14,500 ರೂಪಾಯಿಯಷ್ಟು ಹೆಚ್ಚು. ಹೊಟ್ಟೆ ಉರಿಯಿತು. ಆದರೆ ತಪ್ಪದೆ ಕಟ್ಟಲು ಆಗುವ ಕಂತು ಅದೊಂದೇ.

ಮರುದಿನ ಅಪ್ಪ ಪಕ್ಕದಲ್ಲಿ ಕೂತು ಫೋನನ್ನು ಸ್ಪೀಕರ್‌ಗೆ ಹಾಕಿದರು. ‘3,600, ಪ್ರತಿ ತಿಂಗಳು 5ಕ್ಕೆ’ ಎಂದೆ. ಆ ಕಡೆಯ ಹುಡುಗ ನನಗಿಂತ ಎರಡು–ಮೂರು ವರ್ಷ ದೊಡ್ಡವನಿರಬೇಕು. ‘ಮೇಡಂ, ಇವತ್ತು 10 ಸಾವಿರ ಹಾಕಿ, ಆಮೇಲೆ ನೋಡೋಣ’ ಎಂದ. ತಿಂಗಳ ಕೊನೆಯಾಗಿತ್ತು, ಅವನ ತಲೆ ಮೇಲೂ ಟಾರ್ಗೆಟ್ ಇತ್ತೋ ಏನೋ. ಪ್ರತಿ ಸಲವೂ ಅದೇ ಅಂಕಿ ಹೇಳಿದೆ. ನಾಲ್ಕನೇ ಕರೆಯಲ್ಲಿ ಹೊಸ ಮಾತು ಬಂತು: ‘50 ಸಾವಿರ ಒಂದೇ ಸಲ ಕೊಡಿ, ಸೆಟಲ್ ಮಾಡಿಸ್ತೀನಿ.’

ಅಮ್ಮ ಆಗಲೇ ಕೊರಳಿನ ಸರ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಡವಿಟ್ಟರೆ ಅಷ್ಟು ಸಿಗುತ್ತಿತ್ತು. ಆದರೆ ಅದು ಬರಿ ಬಾಯಿಮಾತು, ಕಂಪನಿಯ ಪತ್ರವಿಲ್ಲ. ಪತ್ರ ಕೊಟ್ಟರೂ ಕ್ರೆಡಿಟ್ ವರದಿಯಲ್ಲಿ ‘ಸೆಟಲ್ಡ್’ ಎಂದು ಬೀಳುತ್ತದೆ, ಅಂದರೆ ಪೂರ್ತಿ ಕಟ್ಟಲಿಲ್ಲ ಎಂದು. ಮುಂದೆ ಆಟೊ ಬದಲಿಸಲು ಸಾಲ ಕೇಳಿದರೆ ಅದೇ ಅಡ್ಡ ಬರುತ್ತದೆ. ಅವಧಿ ವಿಸ್ತರಿಸಿದ್ದೂ ವರದಿಗೆ ಹೋಗಬಹುದು, ಆದರೆ ಸಾಲ ಪೂರ್ತಿ ತೀರುತ್ತದೆ. ಅಮ್ಮನಿಗೆ ಇಷ್ಟು ಬಿಡಿಸಿ ಹೇಳಲು ಒಂದು ಸಂಜೆ ಬೇಕಾಯಿತು. ಅಪ್ಪನಿಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ.

ಅಪ್ಪನ ಇಮೇಲ್‌ನಿಂದ ಕಂಪನಿಯ ದೂರು ಅಧಿಕಾರಿಗೆ ಬರೆದೆವು: ಆಸ್ಪತ್ರೆಯ ಚೀಟಿ, ಖರ್ಚಿನ ಪಟ್ಟಿ, 30 ತಿಂಗಳ ಕೋರಿಕೆ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ, ಮಾಹಿತಿಗೆ 14448. ಅಷ್ಟು ದೂರ ಹೋಗಬೇಕಾಗಲಿಲ್ಲ. ಹನ್ನೊಂದನೇ ದಿನ 24 ತಿಂಗಳು ಕೊಡುತ್ತೇವೆ ಎಂದರು. ಅದೇ ಪಟ್ಟಿಯನ್ನು, 4,230 ಕಟ್ಟಿದರೆ ಕೈಯಲ್ಲಿ ಉಳಿಯುವ 70 ರೂಪಾಯಿಗೆ ಕೆಂಪು ಬಣ್ಣ ಹಚ್ಚಿ ಮತ್ತೆ ಕಳಿಸಿದೆ. ಮುಂದಿನ ವಾರ 30 ತಿಂಗಳಿಗೆ ಒಪ್ಪಿದರು. ತಡವಾದ ಕಂತಿನ ದಂಡವನ್ನು ಮಾತ್ರ ಬಿಡಲಿಲ್ಲ.

ಹೊಸ ಕಂತಿನ ಪಟ್ಟಿ ಇಮೇಲ್‌ಗೆ ಬಂದ ಮೇಲೆಯೇ ಮೊದಲ ಹಣ ಹಾಕಿದೆವು. ಅದೂ ನೇರವಾಗಿ ಸಾಲದ ಖಾತೆಗೆ. ಆ ಹುಡುಗ ಕಳಿಸಿದ್ದ ಯುಪಿಐ ನಂಬರಿಗಲ್ಲ.